ಹಲಾಯುಧ: ಮಾನ್ಯಖೇಟದಿಂದ ಮಾಳವಕ್ಕೆ

ತಾಂಡೂರಿನ ಬದಿಯಲ್ಲಿ ಹರಿಯುವ ಕಾಗ್ನಾ ನದಿ ಪಶ್ಚಿಮಕ್ಕೆ ಸಾಗಿ, ಕಲಬುರಗಿ ಜಿಲ್ಲೆಯನ್ನು ಹೊಕ್ಕು, ಕಾಗಿಣಾ ಎಂಬ ಹೆಸರಿನಿಂದ ಮಳಖೇಡದ ಕೋಟೆಯ ಮಗ್ಗುಲಲ್ಲಿ ಹಾದು ಭೀಮೆಯನ್ನು ಕೂಡಿಕೊಳ್ಳುತ್ತದೆ. ಇಂದು ಆ ನದಿಯ ಹಾದಿಯಲ್ಲಿ ಎರಡು ರಾಜ್ಯಗಳ ಗಡಿಯಿದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ತಾಂಡೂರು ಕಲಬುರಗಿ ಜಿಲ್ಲೆಗೂ ಜಹೀರಾಬಾದ್ ಮತ್ತು ನಾರಾಯಣಖೇಡಗಳು ಬೀದರ ಜಿಲ್ಲೆಗೂ ಸೇರಿದ್ದವು. ಅದಕ್ಕೂ ಸಾವಿರ ವರ್ಷ ಹಿಂದೆ ಇವೆಲ್ಲ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟದ ಸುತ್ತಲಿನ ಸೀಮೆ. ಆ ಮಾನ್ಯಖೇಟವೇ ಇಂದಿನ ಮಳಖೇಡ. ಮಾನ್ಯಖೇಟದ ‘ಖೇಟ’, ನಾರಾಯಣಖೇಡದ ‘ಖೇಡ’, ಮರಾಠಿಗರು ಹಳ್ಳಿಗೆ ಇಂದಿಗೂ ಹೇಳುವ ‘ಖೇಡೆ’ ಮೂರೂ ಒಂದೇ ಬೇರಿನ ಮಾತುಗಳು.

ಕ್ರಿ.ಶ. ಹತ್ತನೆಯ ಶತಮಾನದಲ್ಲಿ ಈ ಮಾನ್ಯಖೇಟದ ಅರಸನ ಆಶ್ರಯ ಪಡೆದಿದ್ದ ಪಂಡಿತ ಹಲಾಯುಧ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಅವನ ಹೆಸರನ್ನು ನಿಘಂಟುಕಾರರ ಪಟ್ಟಿಯಲ್ಲಿ ಅಮರಸಿಂಹನ ನಂತರ ಓದಿ ಮುಂದೆ ಸಾಗುತ್ತಾರೆ. ಆದರೆ ಪದ್ಯವೊಂದನ್ನು ಕೊಟ್ಟು ಪ್ರಸ್ತಾರ ಹಾಕಿ, ಗಣ ವಿಂಗಡಿಸಿ ಎಂದು ಪ್ರಶ್ನೆಪತ್ರಿಕೆ ಕೇಳಿದಾಗಲೆಲ್ಲ ಅವರು ನಿಂತಿರುವುದು ಅವನು ಉಳಿಸಿಕೊಟ್ಟ ನೆಲದ ಮೇಲೆ. ಕಂಪ್ಯೂಟರ್ ವಿಭಾಗದಲ್ಲಿ ಫಂಕ್ಷನಲ್ ಪ್ರೋಗ್ರಾಮಿಂಗ್ ಎಂಬ ಹೆಸರಿನಿಂದ ಬೋಧಿಸುವ ಪಾಠದ ಮುಖ್ಯ ಕಷ್ಟವೂ ಅದೇ ನೆಲದಲ್ಲಿ ಎದುರಾಗುತ್ತದೆ: ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು ಹೇಗೆ, ಎಲ್ಲಿ ಕವಲೊಡೆಯಬೇಕು, ಎಲ್ಲಿ ನಿಲ್ಲಬೇಕು?

ಹಲಾಯುಧನೆಂದರೆ ನೇಗಿಲನ್ನೇ ಆಯುಧವಾಗಿ ಉಳ್ಳವನು, ಬಲರಾಮ. ಈ ಹೆಸರಿನ ಪಂಡಿತರು ಒಬ್ಬರಿಗಿಂತ ಹೆಚ್ಚು ಮಂದಿ ಆಗಿಹೋಗಿದ್ದಾರೆ. ಬಂಗಾಳದ ಲಕ್ಷ್ಮಣಸೇನನ ಕಾಲದ ಧರ್ಮಶಾಸ್ತ್ರಕಾರ ಹಲಾಯುಧ ಎರಡು ಶತಮಾನ ಈಚಿನವನು. ಅವನನ್ನು ಇವನೊಡನೆ ಬೆರೆಸಬಾರದು. ನಮ್ಮ ಹಲಾಯುಧನಿಗೆ ವಿದ್ವಾಂಸರು ಮೂರು ಕೃತಿಗಳನ್ನು ಸಲ್ಲಿಸುತ್ತಾರೆ: ಕವಿರಹಸ್ಯ, ಅಭಿಧಾನರತ್ನಮಾಲಾ, ಮೃತಸಂಜೀವನಿ. ಅವನ ಜೀವನಚರಿತ್ರೆಯೆಂದರೆ ಬಹುಮಟ್ಟಿಗೆ ಈ ಮೂರು ಪುಸ್ತಕಗಳ ಚರಿತ್ರೆಯೇ.

ಕವಿರಹಸ್ಯದ ನಾಯಕ ರಾಷ್ಟ್ರಕೂಟ ಮೂರನೆಯ ಕೃಷ್ಣ. ಕ್ರಿ.ಶ. 939ರಿಂದ 967ರವರೆಗೆ ಆಳಿದ ಈತ 949ರ ತಕ್ಕೋಲಂ ಕಾಳಗದಲ್ಲಿ ಚೋಳರನ್ನು ಸೋಲಿಸಿದವನು. ಪೊನ್ನನಿಗೆ ಉಭಯಕವಿಚಕ್ರವರ್ತಿ ಎಂಬ ಬಿರುದಿತ್ತವನು. ಅದೇ ಮಾನ್ಯಖೇಟದಲ್ಲಿ ಪುಷ್ಪದಂತನು ಮಂತ್ರಿ ಭರತನ ಆಸರೆಯಲ್ಲಿ ಕುಳಿತು ಅಪಭ್ರಂಶದಲ್ಲಿ ಮಹಾಪುರಾಣವನ್ನು ಬರೆದನು. ನೂರು ವರ್ಷ ಮೊದಲೇ ಅಲ್ಲಿ ನೃಪತುಂಗನ ಆಸ್ಥಾನದಿಂದ ಕವಿರಾಜಮಾರ್ಗ ಬಂದಿತ್ತು. ಅವನದೇ ಆಳ್ವಿಕೆಯಲ್ಲಿ ಮಹಾವೀರಾಚಾರ್ಯನ ಗಣಿತಸಾರಸಂಗ್ರಹವೂ ರಚಿತವಾಗಿತ್ತು. ಕಾವ್ಯಲಕ್ಷಣವೂ ಲೆಕ್ಕವೂ ಒಂದೇ ಅಂಗಳದಲ್ಲಿ ಬೆಳೆದ ಊರು ಅದು. ಹಲಾಯುಧನಂಥವನು ಅಲ್ಲಿ ಕಾಣಿಸಿಕೊಂಡದ್ದು ಆಕಸ್ಮಿಕವೆನಿಸುವುದಿಲ್ಲ.

ಕವಿರಹಸ್ಯ ಹೆಸರಿಗೆ ಕಾವ್ಯ, ಕೆಲಸದಲ್ಲಿ ವ್ಯಾಕರಣ. ಒಂದೇ ರೀತಿ ಕಾಣುವ ಸಂಸ್ಕೃತ ಧಾತುಗಳು ಬೇರೆ ಬೇರೆ ಗಣಗಳಲ್ಲಿ ಹೇಗೆ ಬೇರೆ ಬೇರೆ ಕ್ರಿಯಾರೂಪ ತಾಳುತ್ತವೆಂಬುದನ್ನು ಅರಸನ ಹೊಗಳಿಕೆಯ ನೆಪದಲ್ಲಿ ಅದು ತೋರಿಸುತ್ತದೆ. ಸ್ತುತಿಯನ್ನೇ ಅಭ್ಯಾಸಪಾಠ ಮಾಡಿಬಿಟ್ಟ ಈ ಜಾಣತನ ಪಾಠ ಹೇಳಿ ಪಳಗಿದವನಿಗೆ ಮಾತ್ರ ಸಾಧ್ಯ. ಅಭಿಧಾನರತ್ನಮಾಲೆಯಲ್ಲೂ ಇದೇ ಗುಣ ಕಾಣುತ್ತದೆ. ಸ್ವರ್ಗ, ಭೂಮಿ, ಪಾತಾಳ, ಸಾಮಾನ್ಯ, ಅನೇಕಾರ್ಥ ಎಂಬ ಐದು ಕಾಂಡಗಳಲ್ಲಿ, ಸುಮಾರು ಒಂಬೈನೂರು ಪದ್ಯಗಳಲ್ಲಿ ಅದು ಮುಗಿಯುತ್ತದೆ.

ಕೃಷ್ಣನು 967ರಲ್ಲಿ ತೀರಿಕೊಂಡನು. ಅವನ ತಮ್ಮ ಖೊಟ್ಟಿಗನ ಕಾಲದಲ್ಲಿ, 972ರಲ್ಲಿ, ಮಾಳವದ ಪರಮಾರ ದೊರೆ ಸೀಯಕನು ದಂಡೆತ್ತಿ ಬಂದು ಮಾನ್ಯಖೇಟವನ್ನು ಸೂರೆಗೊಂಡನು. ಪುಷ್ಪದಂತನು ಆ ನಗರದ ನಾಶಕ್ಕಾಗಿ ಮರುಗಿದನು. ಅತ್ತ ಧಾರೆಯಲ್ಲಿ ಧನಪಾಲನು ತಂಗಿ ಸುಂದರಿಗಾಗಿ ಪ್ರಾಕೃತ ನಿಘಂಟೊಂದನ್ನು ಬರೆದು ಮುಗಿಸುತ್ತ, ಮಾಳವರು ಮಾನ್ಯಖೇಟವನ್ನು ಲೂಟಿ ಮಾಡಿದ ವರ್ಷವೆಂದು ಕಾಲವನ್ನು ಗುರುತಿಸಿದನು. ಒಬ್ಬನಿಗೆ ಮನೆ ಹೋದ ವರ್ಷ. ಇನ್ನೊಬ್ಬನಿಗೆ ಪುಸ್ತಕ ಮುಗಿದ ವರ್ಷ. ಮರುವರ್ಷ, 973ರಲ್ಲಿ, ಚಾಳುಕ್ಯ ತೈಲಪನು ಕೊನೆಯ ದೊರೆ ಕರ್ಕನನ್ನು ಕೆಡವಿ ರಾಷ್ಟ್ರಕೂಟರ ಕಥೆಯನ್ನೇ ಮುಗಿಸಿದನು.

ಹಲಾಯುಧನ ಮೂರನೆಯ ಪುಸ್ತಕ ಹುಟ್ಟಿದ್ದು ಮಾಳವದಲ್ಲಿ, ಸೀಯಕನ ಉತ್ತರಾಧಿಕಾರಿ ವಾಕ್ಪತಿರಾಜ ಮುಂಜನ ಆಶ್ರಯದಲ್ಲಿ. ಮೊದಲ ಕೃತಿಯಲ್ಲಿ ಕೃಷ್ಣ, ಕೊನೆಯ ಕೃತಿಯ ಉದಾಹರಣಪದ್ಯಗಳಲ್ಲಿ ಮುಂಜ. ಈ ಎರಡು ಹೆಸರುಗಳ ನಡುವೆ ಒಂದು ರಾಜಧಾನಿ ಬಿದ್ದಿತು. ತನ್ನ ಹಿಂದಿನ ಒಡೆಯನ ನಗರವನ್ನು ಸುಲಿದವರ ಮನೆಯಲ್ಲಿಯೇ ಪಂಡಿತನು ಅನ್ನ ಉಂಡನೆಂದು ಹಳಿಯುವುದು ಸುಲಭ. ಆದರೆ ಮುಂಜನು ಸ್ವತಃ ಕವಿ. ದಶರೂಪಕ ಬರೆದ ಧನಂಜಯನೂ ಅವನ ಆಸ್ಥಾನದವನೇ. ಕೇಳುವವರಿರುವಲ್ಲಿಗೆ ವಿದ್ಯೆ ಹೋಗುತ್ತದೆ. ಹೋಗದಿದ್ದರೆ ಏನಾಗುತ್ತಿತ್ತೆಂಬುದಕ್ಕೆ ಆ ಮೂರನೆಯ ಪುಸ್ತಕದ ಹೆಸರೇ ಉತ್ತರದಂತಿದೆ. ಅದು ಮೃತಸಂಜೀವನಿ, ಸತ್ತದ್ದನ್ನು ಬದುಕಿಸುವುದು. ಪಿಂಗಳನ ಛಂದಸ್ಸೂತ್ರಗಳಿಗೆ ಅದು ವ್ಯಾಖ್ಯಾನ.

ಪಿಂಗಳನ ಸೂತ್ರಗಳು ಎಷ್ಟು ಚಿಕ್ಕವೆಂದರೆ ಕೆಲವು ಎರಡೇ ಪದಗಳಲ್ಲಿ ಮುಗಿಯುತ್ತವೆ. ಅದರಲ್ಲೂ ಎಂಟನೆಯ ಅಧ್ಯಾಯದ ಕೊನೆಯ ಭಾಗ, ಪ್ರತ್ಯಯಗಳನ್ನು ಹೇಳುವಲ್ಲಿ, ವೃತ್ತಿಕಾರನಿಲ್ಲದೆ ಬಾಯಿಬಿಡುವುದೇ ಇಲ್ಲ. ಅರ್ಧಿಸಿದಲ್ಲಿ ಎರಡು, ಒಂದು ಕಳೆದಲ್ಲಿ ಸೊನ್ನೆ ಎಂಬಷ್ಟೇ ಮಾತು. ಯಾವುದನ್ನು ಅರ್ಧಿಸಬೇಕು, ಎಷ್ಟು ಸಲ, ಎರಡನ್ನೂ ಸೊನ್ನೆಯನ್ನೂ ಇಟ್ಟುಕೊಂಡು ಏನು ಮಾಡಬೇಕು ಎಂಬುದನ್ನೆಲ್ಲ ಬಿಡಿಸಿ ಹೇಳಿದ್ದು ಹಲಾಯುಧನ ವೃತ್ತಿ.

ಇಲ್ಲಿ ಒಂದು ಮಾತನ್ನು ತಿಳಿಗೊಳಿಸುವುದು ಅಗತ್ಯ. ಕನ್ನಡ ತರಗತಿಯಲ್ಲಿ ಪ್ರಸ್ತಾರವೆಂದರೆ ಇದ್ದ ಪದ್ಯದ ಅಕ್ಷರಗಳ ಮೇಲೆ ಲಘು ಗುರು ಗುರುತು ಹಾಕುವುದು. ಶಾಸ್ತ್ರದಲ್ಲಿ ಪ್ರಸ್ತಾರವೆಂದರೆ ಅದಕ್ಕಿಂತ ದೊಡ್ಡದು: ಪಾದಕ್ಕೆ ಇಷ್ಟು ಅಕ್ಷರವೆಂದಾಗ ಗುರು ಲಘುಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದೋ ಅಷ್ಟನ್ನೂ, ಒಂದನ್ನೂ ಬಿಡದೆ, ಒಂದನ್ನೂ ಎರಡು ಸಲ ಬರೆಯದೆ, ಕ್ರಮವಾಗಿ ಹರಡುವುದು.

ಇದಕ್ಕೆ ಎರಡು ದಾರಿಗಳಿವೆ. ಒಂದು, ಸಾಲಿನಿಂದ ಸಾಲಿಗೆ ನಡೆಯುವ ದಾರಿ. ಮೊದಲ ಸಾಲಿನಲ್ಲಿ ಎಲ್ಲವೂ ಗುರು. ಎಡದಿಂದ ಮೊದಲು ಸಿಗುವ ಗುರುವಿನ ಕೆಳಗೆ ಲಘು ಬರೆದು, ಅದರ ಬಲಕ್ಕಿರುವುದನ್ನು ಇದ್ದಂತೆಯೇ ಇಳಿಸಿ, ಎಡಕ್ಕೆ ಉಳಿದ ಜಾಗವನ್ನು ಗುರುಗಳಿಂದ ತುಂಬಬೇಕು. ಎಲ್ಲವೂ ಲಘುವಾದಾಗ ನಿಲ್ಲಬೇಕು. ವೃತ್ತರತ್ನಾಕರದಂಥ ಈಚಿನ ಗ್ರಂಥಗಳು ಈ ದಾರಿಯನ್ನು ಹೇಳುತ್ತವೆ. ಸಿ, ಪೈಥಾನ್ ಮೊದಲಾದ ಭಾಷೆಗಳಲ್ಲಿ ಲೂಪ್ ಎನ್ನುವುದು ಇದೇ: ಷರತ್ತು ನಿಜವಾಗಿರುವವರೆಗೆ ಒಂದೇ ಆದೇಶವನ್ನು ಸುತ್ತಿ ಸುತ್ತಿ ನಡೆಸುವುದು, ಸುತ್ತುಸುತ್ತಿಗೂ ಕೈಯಲ್ಲಿದ್ದ ಮೌಲ್ಯವನ್ನು ಅಳಿಸಿ ಹೊಸದನ್ನು ಬರೆಯುವುದು.

ಇನ್ನೊಂದು ಪಿಂಗಳನ ದಾರಿ, ಹಲಾಯುಧ ಬಿಡಿಸಿದ್ದು. ಒಂದಕ್ಷರದ ಪ್ರಸ್ತಾರ ಎರಡೇ ಸಾಲು: ಗುರು, ಲಘು. ಎರಡಕ್ಷರದ್ದು ಬೇಕಾದರೆ ಆ ಒಂದಕ್ಷರದ ಪ್ರಸ್ತಾರವನ್ನೇ ಎರಡು ಸಲ ಬರೆದು, ಮೊದಲ ಪ್ರತಿಯ ಸಾಲುಗಳ ಕೊನೆಗೆ ಗುರುವನ್ನೂ ಎರಡನೆಯದರ ಸಾಲುಗಳ ಕೊನೆಗೆ ಲಘುವನ್ನೂ ಸೇರಿಸಬೇಕು. ಮೂರಕ್ಷರದ್ದು ಬೇಕಾದರೆ ಎರಡಕ್ಷರದ ಪ್ರಸ್ತಾರಕ್ಕೆ ಅದನ್ನೇ ಮಾಡಬೇಕು. ಇಲ್ಲಿ ಯಾವುದನ್ನೂ ಅಳಿಸುವುದಿಲ್ಲ. ದೊಡ್ಡ ಪ್ರಸ್ತಾರವೆಂದರೇನೆಂದು ಕೇಳಿದರೆ, ಒಂದಕ್ಷರ ಕಡಿಮೆಯಿರುವ ಪ್ರಸ್ತಾರದ ಎರಡು ಪ್ರತಿಗಳೆಂಬುದೇ ಉತ್ತರ. ಆ ಚಿಕ್ಕದು ಏನೆಂದು ಕೇಳಿದರೆ ಮತ್ತೆ ಅದೇ ಉತ್ತರ. ಒಂದಕ್ಷರಕ್ಕೆ ಬಂದಾಗ ಪ್ರಶ್ನೆ ನಿಲ್ಲುತ್ತದೆ. ತನ್ನನ್ನೇ ಚಿಕ್ಕದಾಗಿಸಿಕೊಂಡು ತನ್ನನ್ನೇ ಕರೆಯುವ ಈ ವಿಧಾನಕ್ಕೆ ಇಂದಿನವರು ರಿಕರ್ಶನ್ ಎನ್ನುತ್ತಾರೆ.

ಮೂರಕ್ಷರದ ಪ್ರಸ್ತಾರವನ್ನು ಹೀಗೆ ಬರೆದು ನೋಡಿದವರಿಗೆ ಒಂದು ಹಳೆಯ ಪರಿಚಯ ಎದುರಾಗುತ್ತದೆ. ಎಂಟು ಸಾಲುಗಳು ಮೇಲಿನಿಂದ ಕೆಳಕ್ಕೆ ಕ್ರಮವಾಗಿ ಮ, ಯ, ರ, ಸ, ತ, ಜ, ಭ, ನ. ಅಕ್ಷರಗಣಗಳನ್ನು ಶಾಸ್ತ್ರಕಾರರು ಈ ಕ್ರಮದಲ್ಲೇ ಎಣಿಸಿದ್ದೇಕೆಂದು ಬಾಯಿಪಾಠ ಮಾಡುವವರು ಕೇಳುವುದಿಲ್ಲ. ಕಾರಣ ಪ್ರಸ್ತಾರದಲ್ಲೇ ಇದೆ.

ಹ್ಯಾಸ್ಕೆಲ್ ಎಂಬುದು ಇಂದಿನ ಫಂಕ್ಷನಲ್ ಭಾಷೆಗಳಲ್ಲಿ ಹೆಸರಾದದ್ದು. ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿಯ ಹೆಸರನ್ನು ಹೊತ್ತ ಈ ಭಾಷೆಯ ಮೊದಲ ಲಕ್ಷಣಗ್ರಂಥ 1990ರಲ್ಲಿ ಬಂದಿತು. ಅದರಲ್ಲಿ ಸುತ್ತು ಹಾಕಿಸಲು ಪ್ರತ್ಯೇಕ ಆದೇಶವೇ ಇಲ್ಲ. ಒಂದು ಹೆಸರಿಗೆ ಒಮ್ಮೆ ಕೊಟ್ಟ ಮೌಲ್ಯ ಬದಲಾಗುವುದಿಲ್ಲವಾದ್ದರಿಂದ, ಎಣಿಕೆಯ ಡಬ್ಬಿಯೊಂದನ್ನಿಟ್ಟು ಅದರೊಳಗಿನ ಅಂಕಿಯನ್ನು ತಿದ್ದುತ್ತ ಹೋಗುವಂತಿಲ್ಲ. ಮರಳಿ ಮಾಡಬೇಕಾದ ಕೆಲಸವಿದ್ದರೆ ಫಂಕ್ಷನ್ ಹೊಸ ಮೌಲ್ಯದೊಡನೆ ತನ್ನನ್ನೇ ಕರೆದುಕೊಳ್ಳಬೇಕು. ಕವಲಿಗೂ ಅಲ್ಲಿ ಒಂದು ಕಟ್ಟುಪಾಡಿದೆ. ‘ಹೀಗಿದ್ದರೆ’ ಎಂದು ಹೇಳಿದವನು ‘ಇಲ್ಲದಿದ್ದರೆ’ ಎಂಬುದನ್ನೂ ಹೇಳಲೇಬೇಕು. ಎರಡು ದಾರಿಗಳಲ್ಲೂ ಒಂದು ಫಲ ಕೈಗೆ ಬರಲೇಬೇಕು. ಬೇರೆ ಭಾಷೆಗಳನ್ನು ಮೊದಲು ಕಲಿತು ಬಂದ ವಿದ್ಯಾರ್ಥಿಗಳಿಗೆ ಇದು ಕೈಕಟ್ಟಿದಂತೆ ತೋರುತ್ತದೆ. ಛಂದಶ್ಶಾಸ್ತ್ರದ ವಿದ್ಯಾರ್ಥಿಗೆ ಹಾಗೆ ತೋರಬೇಕಾಗಿಲ್ಲ.

ಸಂಖ್ಯಾಪ್ರತ್ಯಯವನ್ನೇ ನೋಡಬಹುದು. ಪಾದಕ್ಕೆ ಇಷ್ಟು ಅಕ್ಷರವಿದ್ದರೆ ಪ್ರಸ್ತಾರದಲ್ಲಿ ಎಷ್ಟು ಸಾಲುಗಳು ಎಂಬುದು ಪ್ರಶ್ನೆ. ಒಂದೊಂದು ಅಕ್ಷರಕ್ಕೂ ಇಮ್ಮಡಿಸುತ್ತ ಹೋಗುವುದು ಎಲ್ಲರಿಗೂ ಹೊಳೆಯುವ ದಾರಿ. ಸೂತ್ರಗಳು ಅದನ್ನು ಬಿಟ್ಟು ಬೇರೆಯದನ್ನು ಹೇಳುತ್ತವೆ. ಅಕ್ಷರಸಂಖ್ಯೆ ಸಮವಾಗಿದ್ದರೆ ಅದನ್ನು ಅರ್ಧಿಸಿ ಎರಡು ಎಂದು ಗುರುತು ಹಾಕು. ಬೆಸವಾಗಿದ್ದರೆ ಒಂದು ಕಳೆದು ಸೊನ್ನೆಯ ಗುರುತು ಹಾಕು. ದೊರೆತ ಸಂಖ್ಯೆಗೆ ಮತ್ತೆ ಇದೇ ವಿಧಿ. ಏನೂ ಉಳಿಯದಾದಾಗ ಹಿಂದಿರುಗು: ಒಂದರಿಂದ ಆರಂಭಿಸಿ, ಕೊನೆಯ ಗುರುತಿನಿಂದ ಮೊದಲಿನದಕ್ಕೆ ಬರುತ್ತ, ಸೊನ್ನೆಯಿದ್ದಲ್ಲಿ ಇಮ್ಮಡಿಸು, ಎರಡಿದ್ದಲ್ಲಿ ಅದರಿಂದ ಅದನ್ನೇ ಗುಣಿಸು.

ಪಾದಕ್ಕೆ ಆರು ಅಕ್ಷರವಿದ್ದಾಗ ಆರರ ಅರ್ಧ ಮೂರು, ಗುರುತು ಎರಡು. ಮೂರು ಬೆಸ; ಒಂದು ಕಳೆದರೆ ಎರಡು, ಗುರುತು ಸೊನ್ನೆ. ಎರಡರ ಅರ್ಧ ಒಂದು, ಗುರುತು ಎರಡು. ಒಂದರಲ್ಲಿ ಒಂದು ಹೋದರೆ ಏನೂ ಇಲ್ಲ, ಗುರುತು ಸೊನ್ನೆ. ಮರಳುವಾಗ ಒಂದು ಇಮ್ಮಡಿಸಿ 2, ವರ್ಗಿಸಿ 4, ಇಮ್ಮಡಿಸಿ 8, ವರ್ಗಿಸಿ 64. ಉತ್ಪಲಮಾಲೆಯ ಪಾದಕ್ಕೆ 20 ಅಕ್ಷರ. ಅಲ್ಲಿ ಗುರುತುಗಳು ಆರೇ. ಮರಳುವ ಹಾದಿಯಲ್ಲಿ 2, 4, 16, 32, 1024, ಕೊನೆಗೆ 10,48,576. ಇಪ್ಪತ್ತು ಸಲದ ಬದಲು ಆರು ಸಲದಲ್ಲಿ ಕೆಲಸ ಮುಗಿಯುತ್ತದೆ.

ಹ್ಯಾಸ್ಕೆಲ್ ಬಲ್ಲವನು ಇದನ್ನು ಮೂರು ಸಾಲಿನಲ್ಲಿ ಬರೆಯಬಲ್ಲ. ಅಕ್ಷರ ಸೊನ್ನೆಯಾದರೆ ಫಲ ಒಂದು. ಸಮವಾದರೆ ಅರ್ಧದ ಫಲದ ವರ್ಗ. ಬೆಸವಾದರೆ ಒಂದು ಕಡಿಮೆಯಾದುದರ ಫಲದ ಇಮ್ಮಡಿ. ಸಮವೋ ಬೆಸವೋ ಆಗದ ಮೂರನೆಯ ಜಾತಿಯಿಲ್ಲವಾದ್ದರಿಂದ ದಾರಿ ಎಲ್ಲಿಯೂ ಕಡಿಯುವುದಿಲ್ಲ. ಪ್ರತಿ ಹೆಜ್ಜೆಯಲ್ಲೂ ಸಂಖ್ಯೆ ಕಿರಿದಾಗುವುದರಿಂದ ನಿಲುಗಡೆ ಖಚಿತ. ಎರಡು ಮತ್ತು ಸೊನ್ನೆಗಳ ಆ ಸಾಲು ಏಕೆ ಬೇಕೆಂಬುದೂ ಈಗ ತಿಳಿಯುತ್ತದೆ. ಇಳಿಯುವಾಗ ಬಾಕಿ ಉಳಿಸಿದ ಕೆಲಸವನ್ನು ಏರುವಾಗ ತೀರಿಸಲು ಅದು ಜ್ಞಾಪಕದ ಚೀಟಿ. ಕಂಪ್ಯೂಟರು ಅದೇ ಚೀಟಿಗಳನ್ನು ತನ್ನೊಳಗೆ ಒಂದರ ಮೇಲೊಂದು ಪೇರಿಸಿಡುತ್ತದೆ. ಅದಕ್ಕೆ ಸ್ಟ್ಯಾಕ್ ಎಂದು ಹೆಸರು.

ಉದ್ದಿಷ್ಟವೆಂಬ ಪ್ರತ್ಯಯಕ್ಕೆ ಅಂಥ ಚೀಟಿಯೂ ಬೇಡ. ವೃತ್ತದ ವಿನ್ಯಾಸ ಗೊತ್ತು. ಅದು ಪ್ರಸ್ತಾರದ ಎಷ್ಟನೆಯ ಸಾಲು ಎಂಬುದು ಪ್ರಶ್ನೆ. ಪಾದದ ಕೊನೆಯಿಂದ ಆರಂಭಿಸಿ, ಕೈಯಲ್ಲಿ ಒಂದನ್ನು ಹಿಡಿದು ಎಡಕ್ಕೆ ನಡೆಯಬೇಕು. ಲಘು ಸಿಕ್ಕರೆ ಇಮ್ಮಡಿ. ಗುರು ಸಿಕ್ಕರೆ ಇಮ್ಮಡಿಸಿ ಒಂದು ಕಳೆಯುವುದು. ಜಗಣಕ್ಕೆ 2, 3, 6. ಜಗಣ ಆರನೆಯದೆಂಬುದನ್ನು ಮೇಲಿನ ಪಟ್ಟಿಯಲ್ಲಿ ಎಣಿಸಿ ನೋಡಬಹುದು. ಇಲ್ಲಿ ಬಾಕಿ ಕೆಲಸವೇನೂ ಉಳಿಯುವುದಿಲ್ಲ. ಅಲ್ಲಿಯವರೆಗಿನ ಫಲ ಕೈಯಲ್ಲೇ ಮುಂದಿನ ಹೆಜ್ಜೆಗೆ ದಾಟುತ್ತದೆ. ಹೀಗೆ ತನ್ನನ್ನು ಕರೆದುಕೊಳ್ಳುವುದೇ ಫಂಕ್ಷನ್ನಿನ ಕಡೆಯ ಕೆಲಸವಾಗಿದ್ದರೆ ಅದು ಲೂಪಿನಷ್ಟೇ ಮಿತವಾಗಿ ನಡೆಯಬೇಕೆಂಬುದನ್ನು 1975ರಲ್ಲಿ ಸಸ್ಮನ್ ಮತ್ತು ಸ್ಟೀಲ್ ಎಂಬ ಇಬ್ಬರು ತಮ್ಮ ಸ್ಕೀಮ್ ಭಾಷೆಯಲ್ಲಿ ಅಳವಡಿಸಿ ತೋರಿಸಿದರು.

ನಷ್ಟ ಪ್ರತ್ಯಯ ಇದರ ತಿರುವುಮುರುವು. ಸಾಲಿನ ಸಂಖ್ಯೆ ಗೊತ್ತು, ವಿನ್ಯಾಸ ಕಳೆದುಹೋಗಿದೆ. ಸಂಖ್ಯೆ ಸಮವಾದರೆ ಲಘು ಬರೆದು ಅರ್ಧಿಸಬೇಕು. ಬೆಸವಾದರೆ ಗುರು ಬರೆದು, ಒಂದು ಕೂಡಿಸಿ ಅರ್ಧಿಸಬೇಕು. ಆರಕ್ಕೆ ಲಘು, ಮೂರಕ್ಕೆ ಗುರು, ಎರಡಕ್ಕೆ ಲಘು. ಜಗಣ ಮರಳಿ ಸಿಕ್ಕಿತು. ಆದರೆ ಈ ವಿಧಿಯೊಳಗೆ ಒಂದು ಹಳ್ಳವಿದೆ. ಎರಡರ ಅರ್ಧ ಒಂದು, ಒಂದು ಬೆಸ, ಒಂದು ಕೂಡಿಸಿ ಅರ್ಧಿಸಿದರೆ ಮತ್ತೆ ಒಂದೇ. ಗುರು, ಗುರು, ಗುರು ಎಂದು ಬರೆಯುತ್ತಲೇ ಇರಬೇಕು. ಸಂಖ್ಯೆ ತಾನಾಗಿ ಎಂದೂ ನಿಲ್ಲಿಸುವುದಿಲ್ಲ; ನಿಲ್ಲಿಸುವುದು ಪಾದದ ಅಕ್ಷರಸಂಖ್ಯೆ. ಅದನ್ನು ಮರೆತ ಪ್ರೋಗ್ರಾಮು ಬೇರೆ ಭಾಷೆಗಳಲ್ಲಿ ಯಂತ್ರವನ್ನೇ ಕಟ್ಟಿಹಾಕುತ್ತದೆ. ಹ್ಯಾಸ್ಕೆಲ್ ಮಾತ್ರ ಕೇಳಿದಷ್ಟನ್ನೇ ಲೆಕ್ಕ ಹಾಕುವ ಸೋಮಾರಿ ಭಾಷೆ. ಅಲ್ಲಿ ಕೊನೆಯಿಲ್ಲದ ಆ ಗುರುಗಳ ಸಾಲನ್ನು ಹಾಗೆಯೇ ಬಿಟ್ಟು, ಮೊದಲ ಮೂರನ್ನು ಕೊಡು ಎಂದು ಕೇಳಿ ಪಡೆಯಬಹುದು. ಶಾಸ್ತ್ರದೃಷ್ಟಿಯಿಂದಲೂ ಅದು ದೋಷವಲ್ಲ. ಆರನೆಯ ಸಾಲು ಯಾವ ಛಂದಸ್ಸಿನಲ್ಲೇ ಆಗಲಿ ಜಗಣದಿಂದ ಆರಂಭವಾಗಿ ಗುರುಗಳಿಂದ ತುಂಬಿರುತ್ತದೆ; ಪಾದ ಎಷ್ಟು ಉದ್ದವೋ ಅಷ್ಟು ಕತ್ತರಿಸಿಕೊಂಡರಾಯಿತು.

ಮೃತಸಂಜೀವನಿಯ ಹೆಸರು ಹೊರದೇಶಗಳವರೆಗೂ ಹಬ್ಬಿದ್ದು ಮೇರುಪ್ರಸ್ತಾರದಿಂದ. ಎಷ್ಟು ವೃತ್ತಗಳಲ್ಲಿ ಒಂದು ಲಘು, ಎಷ್ಟರಲ್ಲಿ ಎರಡು ಲಘು ಎಂದು ತಿಳಿಯಲು ಹಲಾಯುಧನು ಬೆಟ್ಟದಾಕಾರದ ಕೋಷ್ಟಕವನ್ನು ಕಟ್ಟಲು ಹೇಳುತ್ತಾನೆ. ತುದಿಯಲ್ಲಿ ಒಂದು ಮನೆ, ಅದರ ಕೆಳಗೆ ಎರಡು, ಅದರ ಕೆಳಗೆ ಮೂರು. ಅಂಚಿನ ಮನೆಗಳಲ್ಲಿ ಒಂದು; ಒಳಗಿನ ಮನೆಯಲ್ಲಿ ಮೇಲಿನ ಎರಡು ಮನೆಗಳ ಮೊತ್ತ. ಮೂರಕ್ಷರದ ಸಾಲಿನಲ್ಲಿ 1, 3, 3, 1: ಮಗಣವೊಂದು, ಒಂದೊಂದು ಲಘುವಿರುವ ಯ, ರ, ತ, ಎರಡೆರಡು ಲಘುವಿರುವ ಸ, ಜ, ಭ, ನಗಣವೊಂದು. ಯುರೋಪು ಇದನ್ನು ಪಾಸ್ಕಲನ ತ್ರಿಕೋನವೆಂದು ಕರೆಯುತ್ತದೆ. ಪಾಸ್ಕಲನ ಪುಸ್ತಕ ಅವನ ಮರಣದ ನಂತರ 1665ರಲ್ಲಿ ಪ್ರಕಟವಾಯಿತು.

ಮಾತ್ರಾಗಣಗಳಿಗೆ ಬಂದರೆ ಕನ್ನಡದ ವಿದ್ಯಾರ್ಥಿಗೆ ಇನ್ನಷ್ಟು ಹತ್ತಿರದ ಉದಾಹರಣೆ ಸಿಗುತ್ತದೆ. ಕೊನೆಯದು ಲಘುವಾದರೆ ಅದರ ಮುಂಚೆ ಒಂದು ಮಾತ್ರೆ ಕಡಿಮೆ, ಗುರುವಾದರೆ ಎರಡು ಕಡಿಮೆ. ಆದ್ದರಿಂದ ಮೂರು ಮಾತ್ರೆಯ ಗಣದ 3 ಬಗೆ, ಎರಡು ಮಾತ್ರೆಯ 2 ಬಗೆ ಸೇರಿ ನಾಲ್ಕು ಮಾತ್ರೆಗೆ 5 ಬಗೆ. ಐದು ಮಾತ್ರೆಗೆ 8. ಕಂದಪದ್ಯದ ಗಣ ಐದೇ ರೂಪದಲ್ಲಿ ಬರುವುದು ಇದರಿಂದ. ಈ ಲೆಕ್ಕವನ್ನು ಪ್ರಾಕೃತ ಛಂದಸ್ಸಿನ ವಿರಹಾಂಕ ಮೊದಲೇ ಹೇಳಿದ್ದನು. ಇದನ್ನು ತನ್ನನ್ನೇ ಎರಡೆರಡು ಸಲ ಕರೆಯುವ ಫಂಕ್ಷನ್ ಆಗಿ ಬರೆದರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತ ಮೂವತ್ತು ನಲವತ್ತು ಮಾತ್ರೆಗೆ ಅದು ತಿಣುಕತೊಡಗುತ್ತದೆ. ಮೇರುವಿನಂತೆ ಮೇಲಿನ ಫಲವನ್ನು ಬರೆದಿಟ್ಟು ಕೆಳಗಿಳಿದರೆ ಆ ತೊಂದರೆಯಿಲ್ಲ.

ಇಷ್ಟನ್ನು ತಿಳಿದು, ಪಿಂಗಳನೇ ಕಂಪ್ಯೂಟರನ್ನು ಕಂಡುಹಿಡಿದನೆಂದು ವೇದಿಕೆಯ ಮೇಲೆ ಸಾರುವುದು ತರವಲ್ಲ. ಫಂಕ್ಷನಲ್ ಭಾಷೆಗಳ ಮೂಲ 1930ರ ದಶಕದಲ್ಲಿ ಅಮೆರಿಕದ ಅಲೊಂಜೊ ಚರ್ಚ್ ಗಣಿತದ ತಳಹದಿಯನ್ನು ಶೋಧಿಸುತ್ತ ಕಟ್ಟಿದ ಲ್ಯಾಂಬ್ಡಾ ಕಲನದಲ್ಲಿದೆ. ಅವನಿಗೆ ಸಂಸ್ಕೃತ ಛಂದಸ್ಸಿನ ಋಣವಿಲ್ಲ. ಇಬ್ಬರಿಗೂ ಸಮಾನವಾದದ್ದು ಸಮಸ್ಯೆ. ಹೇಳುವ ಮಾತು ಕೆಲವೇ, ಮಾಡಿಸಬೇಕಾದ ಕೆಲಸ ಲಕ್ಷಗಟ್ಟಲೆ. ಮಾಡುವವನು ಎದುರಿಗಿಲ್ಲ, ಅನುಮಾನ ಬಂದರೆ ಕೇಳುವಂತಿಲ್ಲ. ಸೂತ್ರಕಾರನಿಗೂ ಪ್ರೋಗ್ರಾಮು ಬರೆಯುವವನಿಗೂ ಇದೇ ಇಕ್ಕಟ್ಟು. ಹಲಾಯುಧನ ಹಿರಿಮೆ ಸೂತ್ರವನ್ನು ರಚಿಸಿದ್ದರಲ್ಲಿಲ್ಲ. ಪಿಂಗಳನಿಂದ ನೂರಾರು ವರ್ಷ ದೂರದಲ್ಲಿ ನಿಂತು, ಅದು ಮತ್ತೆ ನಡೆಯುವಂತೆ ಮಾಡಿದ್ದರಲ್ಲಿದೆ.

ಅವನ ಎರಡನೆಯ ಆಶ್ರಯವೂ ಉಳಿಯಲಿಲ್ಲ. ಮುಂಜನು ತೈಲಪನ ಮೇಲೆ ಮತ್ತೆ ಮತ್ತೆ ದಂಡೆತ್ತಿದನು. ಮಂತ್ರಿ ರುದ್ರಾದಿತ್ಯನು ಬೇಡವೆಂದರೂ ಕೇಳದೆ ಗೋದಾವರಿಯನ್ನು ದಾಟಿದನೆಂದು ಮೇರುತುಂಗನು ಪ್ರಬಂಧಚಿಂತಾಮಣಿಯಲ್ಲಿ ಕಥೆ ಹೇಳುತ್ತಾನೆ. ಸೆರೆಮನೆಯಲ್ಲಿ ತೈಲಪನ ತಂಗಿ ಮೃಣಾಲವತಿಯನ್ನು ನಂಬಿ ಕೆಟ್ಟನೆಂಬುದೂ ಅದೇ ಕಥೆ. ಕಥೆಯ ಬಣ್ಣವನ್ನು ಕಳೆದರೂ ಸಂಗತಿ ನಿಜ. ಹತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಮುಂಜನು ತೈಲಪನ ಕೈಗೆ ಸಿಕ್ಕಿ ಹತನಾದನು. ಹಲಾಯುಧನ ಮೊದಲ ಒಡೆಯನ ವಂಶವನ್ನು ಕೆಡವಿದವನೇ ಎರಡನೆಯ ಒಡೆಯನನ್ನೂ ಮುಗಿಸಿದನು. ಆ ತೈಲಪನ ಆಸ್ಥಾನದಲ್ಲಿ ಕವಿಚಕ್ರವರ್ತಿಯಾಗಿದ್ದವನು ರನ್ನ. ಅವನ ಅಜಿತಪುರಾಣ ಮುಗಿದದ್ದು 993ರಲ್ಲಿ. ಸರಿಸುಮಾರು ಅದೇ ಹೊತ್ತಿಗೆ ಮೊದಲನೆಯ ನಾಗವರ್ಮನು ಛಂದೋಂಬುಧಿಯನ್ನು ಬರೆದು ಪ್ರತ್ಯಯಗಳ ವಿಷಯವನ್ನು ಕನ್ನಡಕ್ಕೆ ತಂದನು.

ಪುಸ್ತಕಗಳು ಒಡೆಯರಿಗಿಂತ ಹೆಚ್ಚು ಕಾಲ ಬಾಳಿದವು. ಅಭಿಧಾನರತ್ನಮಾಲೆಗೆ ಕನ್ನಡ ಟೀಕೆ ಹುಟ್ಟಿತು. 1861ರಲ್ಲಿ ಆಫ್ರೆಕ್ಟ್ ಅದನ್ನು ಲಂಡನ್ನಿನಲ್ಲಿ ಅಚ್ಚು ಹಾಕಿಸಿದನು. 1863ರಲ್ಲಿ ವೇಬರ್ ಪಿಂಗಳನ ಸೂತ್ರಗಳನ್ನು ಜರ್ಮನಿಯ ಓದುಗರ ಮುಂದಿಟ್ಟಾಗ ಕೈದೀವಿಗೆಯಾದದ್ದು ಹಲಾಯುಧನ ವೃತ್ತಿಯೇ. ಕಿಟ್ಟೆಲ್ 1875ರಲ್ಲಿ ಮಂಗಳೂರಿನಿಂದ ಛಂದೋಂಬುಧಿಯನ್ನು ಪ್ರಕಟಿಸಿದನು.

ಹಲಾಯುಧನ ಕಾಲದ ಕನ್ನಡ ಕವಿಗಳು ಒಲಿದು ಬಳಸಿದ ಉತ್ಪಲಮಾಲೆಗೆ ಉದ್ದಿಷ್ಟವನ್ನು ಹಾಕಿ ನೋಡಲು ಒಂದು ಹಾಳೆ ಸಾಕು. ಗಣಗಳು ಭ, ರ, ನ, ಭ, ಭ, ರ, ಕೊನೆಗೆ ಲಘು, ಗುರು. ಕಡೆಯಿಂದ ಬಂದರೆ ಗುರುವಿಗೆ 1, ಲಘುವಿಗೆ 2. ರಗಣದಲ್ಲಿ 3, 6, 11. ಭಗಣದಲ್ಲಿ 22, 44, 87. ಇನ್ನೊಂದು ಭಗಣದಲ್ಲಿ 174, 348, 695. ನಗಣದಲ್ಲಿ 1390, 2780, 5560. ರಗಣದಲ್ಲಿ 11,119, 22,238, 44,475. ಮೊದಲ ಭಗಣದ ಎರಡು ಲಘುಗಳಿಗೆ 88,950 ಮತ್ತು 1,77,900. ತುದಿಯ ಗುರುವಿಗೆ 3,55,799. ಹತ್ತೂವರೆ ಲಕ್ಷ ಸಾಲುಗಳ ನಡುವೆ ಉತ್ಪಲಮಾಲೆಯ ಸ್ಥಾನ ಅದು. ಚಂಪಕಮಾಲೆಗೆ ಮೊದಲಿನಿಂದ ಲೆಕ್ಕ ಹಾಕಬೇಕಾಗಿಲ್ಲ. ಉತ್ಪಲಮಾಲೆಯ ಮೊದಲ ಗುರುವಿನ ಜಾಗದಲ್ಲಿ ಎರಡು ಲಘು ಬಂದರೆ ಚಂಪಕಮಾಲೆ. ಆದ್ದರಿಂದ 1,77,900ರಲ್ಲಿ ನಿಂತು ಎರಡು ಸಲ ಇಮ್ಮಡಿಸಿದರೆ ಮೊದಲು 3,55,800, ಆಮೇಲೆ 7,11,600. ಗೋಡೆಯಾಚೆಯ ತೆಲುಗು ತರಗತಿಯ ಛಂದಸ್ಸಿನ ಪಾಠದಲ್ಲಿಯೂ ಚಂಪಕಮಾಲೆಯ ಸಂಖ್ಯೆ ಇದೇ.